ಚಾಕಿನ ಬೆನ್ನು

ವೈರಿಂಗ್ ಕೆಲಸದವನ ಜೇಬಿನಲ್ಲಿ ಟೆಸ್ಟರ್ ಇರುತ್ತದೆ, ಚಾಕು ಇರುತ್ತದೆ. ಉಳಿದದ್ದೆಲ್ಲ ಚೀಲದಲ್ಲಿ. ಫ್ಯಾನಿನ ಡಬ್ಬ ಬಿಚ್ಚಲು, ಕತ್ತರಿಸಿದ ಪೈಪಿನ ಬಾಯಿ ಸವರಲು, ಟೇಪು ಹರಿಯಲು, ಮೆಟಲ್ ಬಾಕ್ಸಿನೊಳಗೆ ಗಟ್ಟಿಯಾದ ಸಿಮೆಂಟು ಕೆರೆಯಲು, ಕೇಬಲ್ಲಿನ ಮೇಲಿನ ಕವಚ ಸುಲಿಯಲು, ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಈರುಳ್ಳಿ ಹೆಚ್ಚಲು, ಎಲ್ಲಕ್ಕೂ ಅದೊಂದೇ. ಇಷ್ಟು ಹೊತ್ತು ಕೈಯಲ್ಲಿರುವ ವಸ್ತುವನ್ನು ಕೊಳ್ಳುವಾಗ ಹೆಚ್ಚಿನವರು ಎರಡು ನಿಮಿಷವೂ ನಿಲ್ಲುವುದಿಲ್ಲ. ನಾನು ನಿಂತೆ. ಅಂಗಡಿಯವನ ಹತ್ತಿರ ಸ್ಟೀಲಿನ ಬಗ್ಗೆ ಮಾತಾಡಿದೆ, ಹರಿತ ನೋಡಿದೆ, ದರ ಇಳಿಸಿದೆ. ನೋಡಬೇಕಾದ ಒಂದನ್ನು ಮಾತ್ರ ನೋಡಲಿಲ್ಲ. ಅದಕ್ಕೆ ಬೆಲೆ ತೆತ್ತದ್ದು ನನ್ನ ಹತ್ತಿರ ಕೆಲಸಕ್ಕಿದ್ದ ಹುಡುಗನ ತೋರುಬೆರಳು.

ತುಮಕೂರಿನಲ್ಲಿ ನನ್ನದು ಸಣ್ಣ ಎಲೆಕ್ಟ್ರಿಕಲ್ ಕಂಟ್ರಾಕ್ಟು. ಮನೆಗಳು, ಅಂಗಡಿಗಳು, ಆಗೊಮ್ಮೆ ಈಗೊಮ್ಮೆ ಒಂದು ಕಲ್ಯಾಣಮಂಟಪ. ನಮ್ಮಲ್ಲಿ ಹುಡುಗರಿಗೆ ಚಾಕು ಕೊಡಿಸುವ ರೂಢಿ ಇರಲಿಲ್ಲ, ಅವರವರದ್ದು ಅವರವರಿಗೆ. ಹೆಚ್ಚಿನವರ ಹತ್ತಿರ ಇರುತ್ತಿದ್ದದ್ದು ಮುರಿದ ಹ್ಯಾಕ್ಸಾ ಬ್ಲೇಡನ್ನು ಗ್ರೈಂಡರಿಗೆ ಹಿಡಿದು ಮಾಡಿಕೊಂಡ ಚಾಕು. ಹಿಡಿಗೆ ಕಪ್ಪು ಟೇಪು ಸುತ್ತಿರುತ್ತಿದ್ದರು. ಪಿವಿಸಿ ಪೈಪಿನ ತುಂಡನ್ನು ಬಿಸಿ ಮಾಡಿ ಚಪ್ಪಟೆಯಾಗಿ ಒತ್ತಿದರೆ ಅದೇ ಒರೆ. ವರ್ಕ್‌ಶಾಪಿನಿಂದ ಪವರ್ ಹ್ಯಾಕ್ಸಾದ ಅಗಲ ಬ್ಲೇಡು ಸಿಕ್ಕಿದವನು ಪುಣ್ಯವಂತ. ಅದು ಹೈಸ್ಪೀಡ್ ಸ್ಟೀಲು, ಗ್ರೈಂಡರಿನ ಬಿಸಿಗೆ ಹೆದರುವುದಿಲ್ಲ. ಸಾಧಾರಣ ಕಾರ್ಬನ್ ಸ್ಟೀಲಾದರೆ ಸಾಣೆ ಹಿಡಿಯುವಾಗ ಅಂಚು ನೀಲಿ ತಿರುಗಿತೆಂದರೆ, ಅಂದರೆ 300 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು ಮುಟ್ಟಿತೆಂದರೆ, ಹದ ಕೆಟ್ಟಂತೆಯೇ. ಆಮೇಲೆ ಎಷ್ಟು ಉಜ್ಜಿದರೂ ಎರಡು ದಿನಕ್ಕೆ ಮೊಂಡು.

ಈ ಚಾಕುಗಳು ಕೆಲಸಕ್ಕೆ ಬರುತ್ತಿದ್ದವು, ನೋಡಲು ಚೆನ್ನಾಗಿರಲಿಲ್ಲ. ಒಂದು ಮನೆಯಲ್ಲಿ ಸ್ವಿಚ್ ಬೋರ್ಡು ಕೂರಿಸುತ್ತಿದ್ದಾಗ ಮನೆಯೊಡತಿ ನನ್ನನ್ನು ಪಕ್ಕಕ್ಕೆ ಕರೆದು, ‘ಏನ್ರೀ ಇದು, ನಿಮ್ಮ ಹುಡುಗರು ಇಂಥದ್ದೆಲ್ಲ ಜೇಬಲ್ಲಿಟ್ಕೊಂಡು ಓಡಾಡ್ತಾರಲ್ಲ’ ಎಂದರು. ಆ ಮಾತು ನನಗೆ ಚುಚ್ಚಿತು. ಅಷ್ಟರಲ್ಲಿ ನಾನು ಹುಡುಗರಿಗೆ ಹೆಸರು ಹಾಕಿಸಿದ ಟೀಶರ್ಟು ಹೊಲಿಸಿದ್ದೆ, ಗಾಡಿಗೆ ಬೋರ್ಡು ಬರೆಸಿದ್ದೆ. ಚಾಕು ಕೂಡ ಅದಕ್ಕೆ ಒಪ್ಪುವ ಹಾಗಿರಬೇಕು ಎನ್ನಿಸಿತು. ಮಡಚಿ ಜೇಬಿಗೆ ಸಿಕ್ಕಿಸಿಕೊಳ್ಳುವಂಥದ್ದು, ನೀಟಾಗಿರುವಂಥದ್ದು. ಹುಡುಗರ ಮೇಲಿನ ಕಾಳಜಿ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಅದರಲ್ಲಿ ಕಾಳಜಿಯೂ ಇತ್ತು, ಇಲ್ಲವೆನ್ನಲಾರೆ. ಆದರೆ ಮುಂದೆ ನಿಂತಿದ್ದದ್ದು ನನ್ನ ಮರ್ಯಾದೆಯ ಪ್ರಶ್ನೆ.

ಸಾಮಾನು ತರಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ ಅಲ್ಲೊಂದು ಅಂಗಡಿಯಲ್ಲಿ ಒಂದು ಡಜನ್ ತಂದೆ. ಒಂದಕ್ಕೆ ನೂರೈವತ್ತು ರೂಪಾಯಿ. ಕಪ್ಪು ಬಣ್ಣದ ಅಲಗು, ಬೆರಳು ಕೂರಲು ಅಲೆ ಅಲೆಯಾಗಿ ಕೊರೆದ ಹಿಡಿ, ಹೆಬ್ಬೆರಳಿನಿಂದ ತಳ್ಳಿದರೆ ಟಪ್ಪನೆ ತೆರೆದು ನಿಲ್ಲುತ್ತಿತ್ತು. ಅಲಗಿನ ಮೇಲೆ 440 ಎಂದು ಅಚ್ಚೊತ್ತಿತ್ತು. ಆ ಅಂಕಿ ನೋಡಿ ನಾನು ಒಪ್ಪಿಬಿಟ್ಟೆ. 440 ಎಂಬುದು ಒಂದು ಸ್ಟೀಲಲ್ಲ, ಒಂದು ಕುಟುಂಬ ಎಂದು ತಿಳಿದದ್ದು ಆಮೇಲೆ. 440ಎ ಆದರೆ ಅದರಲ್ಲಿ ಶೇಕಡಾ 0.60ರಿಂದ 0.75ರಷ್ಟು ಇಂಗಾಲ, 440ಸಿ ಆದರೆ 0.95ರಿಂದ 1.20ರಷ್ಟು, ಮೊದಲನೆಯದಕ್ಕೂ ಕೊನೆಯದಕ್ಕೂ ಗಟ್ಟಿತನದಲ್ಲಿ ಬಹಳ ವ್ಯತ್ಯಾಸ. ಬರೀ 440 ಎಂದು ಬರೆದರೆ ಏನೂ ಹೇಳಿದ ಹಾಗಾಗುವುದಿಲ್ಲ. ಒಳ್ಳೆಯ ಸ್ಟೀಲೇ ಇದ್ದರೂ ಅದನ್ನು ಕಾಯಿಸಿ ಹದ ಮಾಡಿದವನು ಕೆಡಿಸಿದ್ದರೆ ಅಂಕಿ ಕಾಪಾಡುವುದಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಹಳೆಯ ಪೇಪರು ಹರಡಿ ಕೊಯ್ದು ನೋಡಿದೆ, ಸೊಗಸಾಗಿ ಸೀಳಿತು. ಹೊಸ ಚಾಕು ಯಾವುದಾದರೂ ಪೇಪರು ಸೀಳುತ್ತದೆ.

ಅಲಗು ತೆರೆದು ನಿಲ್ಲುವುದು ಹೇಗೆ ಎಂದು ಒಂದು ಸಲವಾದರೂ ಹಿಡಿಯೊಳಗೆ ಕಣ್ಣಿಟ್ಟು ನೋಡಿದ್ದರೆ ಸಾಕಿತ್ತು. ಇಂಥ ಚಾಕಿನ ಹಿಡಿಯೊಳಗೆ ಒಂದು ಬದಿಗೆ ತೆಳ್ಳನೆಯ ತಗಡಿನ ಪಟ್ಟಿ ಇರುತ್ತದೆ. ಅದಕ್ಕೆ ಸ್ಪ್ರಿಂಗಿನ ಗುಣ. ಅಲಗು ಪೂರ್ತಿ ತೆರೆದೊಡನೆ ಆ ಪಟ್ಟಿ ಒಳಕ್ಕೆ ಸರಿದು ಅಲಗಿನ ಬಾಲದ ಹಿಂದೆ ನಿಂತು ತಡೆಯುತ್ತದೆ. ಲೈನರ್ ಲಾಕ್ ಎನ್ನುತ್ತಾರೆ. ಸರಿಯಾಗಿ ಮಾಡಿದ್ದಾದರೆ ಭದ್ರವೇ. ನಾನು ತಂದದ್ದರಲ್ಲಿ ಆ ಪಟ್ಟಿ ಬಾಲದ ಅಂಚನ್ನು ಕೂದಲೆಳೆಯಷ್ಟು ಮಾತ್ರ ಮುಟ್ಟುತ್ತಿತ್ತು. ಹೊಸದರಲ್ಲಿ ಅಷ್ಟರಲ್ಲೇ ನಿಂತುಕೊಳ್ಳುತ್ತಿತ್ತು.

ನಮ್ಮ ಕೆಲಸದ ಜಾಗ ಎಂಥದ್ದು? ಕನ್ಸೀಲ್ಡ್ ವೈರಿಂಗಿಗೆ ಕಟಿಂಗ್ ಮೆಷಿನ್ ಹಿಡಿದು ಗೋಡೆ ಕೊರೆದರೆ ಎದುರಿಗಿದ್ದವನ ಮುಖ ಕಾಣದಷ್ಟು ದೂಳು. ಇಟ್ಟಿಗೆ, ಸಿಮೆಂಟು, ಪುಟ್ಟಿ, ಎಲ್ಲದರ ನುಣ್ಣನೆಯ ಹಿಟ್ಟು ಮೂಗಿಗೆ, ಕಿವಿಗೆ, ಜೇಬಿಗೆ ಇಳಿಯುತ್ತದೆ. ಜೇಬಿನಲ್ಲಿದ್ದ ಚಾಕಿನ ಹಿಡಿಯೊಳಗೂ ಇಳಿಯಿತು. ಕೆಲವೇ ವಾರಗಳಲ್ಲಿ ಪಟ್ಟಿ ಮೊದಲಿನ ಹಾಗೆ ಸರಿಯುವುದು ನಿಂತಿತು. ನನಗೆ ಅದು ಗೊತ್ತಾಗಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ನಾನು ಚಾಕು ಹಿಡಿಯುವುದನ್ನೇ ಬಿಟ್ಟಿದ್ದೆ. ಸೈಟಿಗೆ ಹೋಗಿ, ಪಾಯಿಂಟು ತೋರಿಸಿ, ಫೋನಿನಲ್ಲಿ ಮಾತಾಡುತ್ತ ಇನ್ನೊಂದು ಸೈಟಿಗೆ ಹೋಗುವುದು ನನ್ನ ಕೆಲಸವಾಗಿತ್ತು.

ಗೊತ್ತಿದ್ದದ್ದು ಹುಡುಗರಿಗೆ. ಗುಬ್ಬಿ ಕಡೆಯ ಹುಡುಗನೊಬ್ಬ, ಐಟಿಐ ಮುಗಿಸಿ ಬಂದವನು, ಬಾಯಿಬಿಟ್ಟು ಹೇಳಿದ. ‘ಅಣ್ಣ, ಇದು ಸರಿಯಾಗಿ ಕೂರ್ತಿಲ್ಲ. ಒಂದೊಂದ್ಸಲ ಲೂಸಾಗುತ್ತೆ’ ಎಂದ. ನಾನು ಚಾಕು ಕೈಗೆ ತೆಗೆದುಕೊಂಡು ತೆರೆದೆ, ಮುಚ್ಚಿದೆ. ‘ಎಣ್ಣೆ ಬಿಡೋ, ಏನಾಗಲ್ಲ’ ಎಂದೆ. ಅವನು ನಾನು ಹೇಳಿದ ಹಾಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಬಿಟ್ಟ. ಎಣ್ಣೆಯೂ ದೂಳೂ ಸೇರಿದರೆ ಏನಾಗುತ್ತದೆ ಎಂದು ಇಷ್ಟು ವರ್ಷ ಸೈಟಿನಲ್ಲಿದ್ದ ನನಗೆ ತಿಳಿದಿರಬೇಕಿತ್ತು. ಬೀಗಕ್ಕೆ ಪೆನ್ಸಿಲ್ ಪುಡಿ ಹಾಕಬೇಕು, ಎಣ್ಣೆ ಹಾಕಿದರೆ ಕೊಳೆ ಹಿಡಿಯುತ್ತದೆ ಎಂದು ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಕೇಳಿದ್ದೆ. ಆ ಕ್ಷಣಕ್ಕೆ ನೆನಪಾಗಲಿಲ್ಲ. ಅವನ ಮಾತನ್ನು ಆದಷ್ಟು ಬೇಗ ಮುಗಿಸುವುದು ಮಾತ್ರ ನನಗೆ ಬೇಕಾಗಿತ್ತು.

ಕಲ್ಯಾಣಮಂಟಪವೊಂದರಲ್ಲಿ ಮೀಟರಿನಿಂದ ಮೇನ್ ಪ್ಯಾನೆಲ್ಲಿಗೆ ಅಲ್ಯುಮಿನಿಯಂ ಆರ್ಮರ್ಡ್ ಕೇಬಲ್ ಎಳೆದಿದ್ದೆವು. ಗ್ಲ್ಯಾಂಡ್ ಹಾಕುವ ಮೊದಲು ತುದಿಯ ಹೊರಕವಚ ಸುಲಿಯಬೇಕು. ಆ ಪಿವಿಸಿ ದಪ್ಪ, ಗಡುಸು. ಸುತ್ತಲೂ ಒಂದು ಗೀರು ಎಳೆದು, ಅಲ್ಲಿಂದ ತುದಿಯವರೆಗೆ ಉದ್ದಕ್ಕೆ ಸೀಳುವುದು ಕ್ರಮ. ಹುಡುಗ ಸೀಳುತ್ತಿದ್ದಾಗ ಅಲಗು ಕವಚಕ್ಕೂ ಒಳಗಿನ ಕಬ್ಬಿಣದ ಪಟ್ಟಿಗೂ ನಡುವೆ ಸಿಕ್ಕಿಕೊಂಡಿತು. ಬಿಡಿಸಲು ಹಿಡಿಯನ್ನು ಅಲುಗಾಡಿಸುತ್ತ ಮೊನೆಯನ್ನು ಮುಂದಕ್ಕೆ ಒತ್ತಿದ. ಯಾರಾದರೂ ಹಾಗೆಯೇ ಮಾಡುತ್ತಿದ್ದರು. ಹಾಗೆ ಒತ್ತಿದಾಗ ಬಲ ಬೀಳುವುದು ಅಲಗಿನ ಬೆನ್ನಿನ ಮೇಲೆ, ಚಾಕು ಮುಚ್ಚಿಕೊಳ್ಳುವ ದಿಕ್ಕಿಗೆ. ತಡೆಯಬೇಕಾದ ತಗಡಿನ ಪಟ್ಟಿ ಜಾರಿತು. ಅಲಗು ಹಿಡಿಯೊಳಕ್ಕೆ ಮಡಚಿತು. ಹಿಡಿಯ ಬಾಯಲ್ಲಿ ಅವನ ಬೆರಳಿತ್ತು.

ನಾನು ಹೋಗುವಷ್ಟರಲ್ಲಿ ಬೆರಳಿಗೆ ಕರ್ಚೀಫು ಸುತ್ತಿದ್ದರು. ಬಿಚ್ಚಿ ನೋಡಿದೆ. ಬೆರಳಿನ ಬುಡದ ಗೆರೆಗೂ ನಡುಗೆಣ್ಣಿಗೂ ನಡುವೆ ಒಳಭಾಗದಲ್ಲಿ ಅಡ್ಡ ಗಾಯ, ಅಷ್ಟೇನೂ ದೊಡ್ಡದಲ್ಲ. ರಕ್ತವೂ ಬೇಗ ನಿಂತಿತು. ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಹೊಲಿಗೆ ಹಾಕಿಸಿದೆ, ಟಿಟಿ ಇಂಜೆಕ್ಷನ್ ಕೊಡಿಸಿದೆ. ‘ಬೆರಳು ಮಡಚೋಕೆ ಆಗುತ್ತಾ?’ ಎಂದು ಕೇಳಿದಾಗ ಹುಡುಗ ಮಡಚಿ ತೋರಿಸಿದ. ನಡುಗೆಣ್ಣು ಬಾಗಿತು. ನಾನೇ ಮುಂದೆ ಬಿದ್ದು, ‘ಆಗುತ್ತೆ ಡಾಕ್ಟ್ರೇ, ಹೊಲಿಗೆ ಹಾಕಿಬಿಡಿ’ ಎಂದೆ. ಮುಹೂರ್ತದ ದಿನ ಹತ್ತಿರವಿತ್ತು. ಸಂಜೆಯೊಳಗೆ ಪ್ಯಾನೆಲ್ ಮುಗಿಸಬೇಕೆಂಬುದೊಂದೇ ನನ್ನ ತಲೆಯಲ್ಲಿತ್ತು. ಅವನನ್ನು ರೂಮಿನಲ್ಲಿ ಬಿಟ್ಟು ಸೈಟಿಗೆ ವಾಪಸ್ ಹೋದೆ.

ಹೊಲಿಗೆ ಬಿಚ್ಚುವ ಹೊತ್ತಿಗೆ ಗೊತ್ತಾಯಿತು, ಬೆರಳಿನ ತುದಿ ಬಾಗುತ್ತಿಲ್ಲ. ನಡುಗೆಣ್ಣು ಬಾಗುತ್ತದೆ, ಉಗುರಿರುವ ಗೆಣ್ಣು ಕಡ್ಡಿಯ ಹಾಗೆ ನೆಟ್ಟಗೆ ನಿಂತಿದೆ. ಕೈಯ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರ ಹತ್ತಿರ ಹೋದೆವು. ಅವರು ನಡುಗೆಣ್ಣನ್ನು ಎರಡು ಬೆರಳಲ್ಲಿ ನೆಟ್ಟಗೆ ಹಿಡಿದು, ‘ಈಗ ತುದಿ ಮಾತ್ರ ಮಡಚಪ್ಪ’ ಎಂದರು. ಹುಡುಗನ ಮುಖ ಬಿಗಿಯಿತು, ತುದಿ ಅಲುಗಲಿಲ್ಲ. ಅಷ್ಟೇ ಪರೀಕ್ಷೆ. ಮೊದಲ ದಿನವೇ ಯಾರಾದರೂ ಮಾಡಬಹುದಾಗಿದ್ದ ಪರೀಕ್ಷೆ.

ಬೆರಳನ್ನು ಬಾಗಿಸಲು ಎರಡು ಸ್ನಾಯುರಜ್ಜುಗಳಿವೆ ಎಂದು ಅವರು ಕಾಗದದ ಮೇಲೆ ಬರೆದು ತೋರಿಸಿದರು. ಒಂದು ನಡುಗೆಣ್ಣನ್ನು ಬಾಗಿಸುತ್ತದೆ, ಇನ್ನೊಂದು ತುದಿಯವರೆಗೆ ಹೋಗುತ್ತದೆ. ಎರಡೂ ಒಂದು ಇಕ್ಕಟ್ಟಾದ ಕೊಳವೆಯೊಳಗೆ ಒಟ್ಟಿಗೆ ಓಡುತ್ತವೆ. ಒಂದು ತುಂಡಾಗಿ ಇನ್ನೊಂದು ಉಳಿದರೆ ಬೆರಳು ಬಾಗಿದ ಹಾಗೆಯೇ ಕಾಣುತ್ತದೆ, ನೋಡಿದವರು ಮೋಸ ಹೋಗುತ್ತಾರೆ. ಚಾಕು ಹಿಡಿದಾಗ ಬೆರಳು ಮಡಚಿರುತ್ತದಲ್ಲ, ಆ ಸ್ಥಿತಿಯಲ್ಲಿ ತುಂಡಾದ ರಜ್ಜು ಬೆರಳು ನೇರ ಮಾಡಿದಾಗ ಗಾಯದ ಬಾಯಿಂದ ದೂರ ಸರಿದುಬಿಡುತ್ತದೆ. ಗಾಯದೊಳಗೆ ನೋಡಿದರೂ ಕಾಣುವುದಿಲ್ಲ. ದಿನ ಕಳೆದಷ್ಟೂ ಮೇಲಿನ ತುದಿ ಅಂಗೈ ಕಡೆಗೆ ಎಳೆದುಕೊಳ್ಳುತ್ತದೆ, ಮತ್ತೆ ಜೋಡಿಸುವುದು ಕಷ್ಟವಾಗುತ್ತ ಹೋಗುತ್ತದೆ. ‘ಆವತ್ತೇ ಬಂದಿದ್ದರೆ ಸುಲಭವಿತ್ತು’ ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಆಪರೇಷನ್ ಆಯಿತು. ಆಮೇಲೆ ಸುಮಾರು ಆರು ವಾರ ಕೈಗೆ ಪಟ್ಟಿ. ಭಾರ ಎತ್ತಲು, ಬಿಗಿಯಾಗಿ ಹಿಡಿಯಲು ಮೂರು ತಿಂಗಳು ಕಾಯಬೇಕು. ಖರ್ಚು ನಾನು ಕೊಟ್ಟೆ, ಸಂಬಳವನ್ನೂ ನಿಲ್ಲಿಸಲಿಲ್ಲ. ಅದು ದೊಡ್ಡತನವೇನಲ್ಲ, ಕೊಡಬೇಕಾದ್ದೇ. ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಅವನ ನೋಂದಣಿ ಮಾಡಿಸಿರಲಿಲ್ಲ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು, ಅದಕ್ಕೆ ನಾನು ಒಂದು ಸಹಿ ಹಾಕಿಕೊಟ್ಟಿದ್ದರೆ ಸಾಕಿತ್ತು. ಹುಡುಗ ಕೇಳಿದಾಗಲೆಲ್ಲ ಮುಂದಿನ ತಿಂಗಳು ಎಂದಿದ್ದೆ.

ಗುಬ್ಬಿ ಹತ್ತಿರದ ಅವನ ಊರಿಗೆ ಹೋದದ್ದನ್ನು ಬರೆಯುವುದು ನನಗೆ ಕಷ್ಟ. ಆದರೂ ಬರೆಯುತ್ತೇನೆ. ಅವನ ತಾಯಿ ಚಾಪೆ ಹಾಸಿ ಕೂರಿಸಿದರು, ಕಾಫಿ ಕೊಟ್ಟರು. ಹುಡುಗ ಎಡಗೈಯಲ್ಲಿ ಲೋಟ ಹಿಡಿದಿದ್ದ. ಸ್ವಲ್ಪ ಹೊತ್ತು ಮಳೆ ಬೆಳೆಯ ಮಾತಾಯಿತು. ಆಮೇಲೆ ಆಕೆ, ‘ಚಾಕು ನೀವೇ ತಂದುಕೊಟ್ಟಿದ್ದಾ ಸಾರ್?’ ಎಂದು ಕೇಳಿದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಮಗ ಹೇಳಿದ್ದನ್ನು ಖಾತ್ರಿ ಮಾಡಿಕೊಳ್ಳುವಂತಿತ್ತು. ‘ಹೌದಮ್ಮ, ನಾನೇ’ ಎಂದೆ. ಹುಡುಗ ತಕ್ಷಣ, ‘ಅಣ್ಣಂದೇನೂ ತಪ್ಪಿಲ್ಲಮ್ಮ, ನಾನೇ ನೋಡ್ಕೊಂಡು ಮಾಡ್ಬೇಕಿತ್ತು’ ಎಂದ. ಚಾಕು ಕೂರುತ್ತಿಲ್ಲ ಎಂದು ನನಗೆ ಮೊದಲೇ ಹೇಳಿದ್ದನ್ನು ಅವನು ತಾಯಿಗೆ ಹೇಳಿರಲಿಲ್ಲ. ನಾನೂ ಆವತ್ತು ಹೇಳಲಿಲ್ಲ. ಬಾಯಿಗೆ ಬಂದದ್ದನ್ನು ಕಾಫಿಯ ಜೊತೆ ನುಂಗಿಕೊಂಡು ಎದ್ದುಬಂದೆ. ಎಷ್ಟೋ ದಿನದ ಮೇಲೆ ಇನ್ನೊಂದು ಸಲ ಹೋಗಿ ಹೇಳಿದೆ. ಆಕೆ, ‘ಇವನು ಬಾಯಿಬಿಟ್ಟು ಹೇಳೋದೇ ಕಮ್ಮಿ. ಹೇಳಿದಾಗ ಕೇಳ್ಬೇಕಿತ್ತು ನೀವು’ ಎಂದರು.

ಉಳಿದ ಚಾಕುಗಳನ್ನೆಲ್ಲ ವಾಪಸ್ ತೆಗೆದುಕೊಂಡು ಒಂದನ್ನು ಬಿಚ್ಚಿದೆ. ಸ್ಕ್ರೂ ತೆಗೆದು ಹಿಡಿ ಬೇರೆ ಮಾಡಿದರೆ ಒಳಗೆ ಬೂದು ಬಣ್ಣದ ಪೇಸ್ಟು. ತಗಡಿನ ಪಟ್ಟಿಯ ಬುಡದಲ್ಲಿ ಅದು ಗಟ್ಟಿಯಾಗಿ ಕೂತು, ಪಟ್ಟಿ ಅರ್ಧ ದಾರಿಗೆ ನಿಲ್ಲುತ್ತಿತ್ತು. ಬಾಲವನ್ನು ಮುಟ್ಟುವ ತುದಿ ಸವೆದು ಹೊಳೆಯುತ್ತಿತ್ತು. ಇಷ್ಟನ್ನು ನೋಡಲು ಒಂದು ಸಣ್ಣ ಸ್ಟಾರ್ ಸ್ಕ್ರೂಡ್ರೈವರು ಸಾಕಾಗಿತ್ತು.

ಅಂದಿನಿಂದ ಕಡಿಮೆ ಬೆಲೆಯ ಮಡಚುವ ಚಾಕು ಕಂಡರೆ ಕೈಗೆತ್ತಿಕೊಂಡು ನೋಡುವುದು ಅಭ್ಯಾಸವಾಗಿದೆ. ಬೆಲೆ ಕಡಿಮೆಯಾದರೆ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ದಿನಗೂಲಿಯವನು ಸಾವಿರಾರು ರೂಪಾಯಿಯ ಚಾಕು ಕೊಳ್ಳಲಾರ, ಕೊಳ್ಳಬೇಕಾಗಿಯೂ ಇಲ್ಲ. ಸ್ಟೀಲು ಸುಮಾರಾಗಿದ್ದರೆ ನಡೆಯುತ್ತದೆ. ಮೊಂಡಾದರೆ ಕಲ್ಲಿನ ಮೇಲೆ ಉಜ್ಜಿಕೊಳ್ಳಬಹುದು. ಲಾಕ್ ಸುಮಾರಾಗಿದ್ದರೆ ನಡೆಯುವುದಿಲ್ಲ. ಅಂಗಡಿಯಲ್ಲೇ ಅಲಗು ತೆರೆದು, ಮುಚ್ಚಿದರೂ ತಾಗದ ಹಾಗೆ ಬೆರಳುಗಳನ್ನು ಹಿಡಿಯ ಎರಡು ಬದಿಗೆ ಇಟ್ಟುಕೊಂಡು, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಒತ್ತಬೇಕು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಜಾರಿದರೆ ಅಲ್ಲೇ ಬಿಟ್ಟು ಬರಬೇಕು. ಅಲಗು ಆಚೀಚೆ ಅಲುಗಬಾರದು. ಹಿಡಿಯ ಹಿಂಭಾಗ ತೆರೆದಿದ್ದರೆ ಒಳ್ಳೆಯದು, ಊದಿದರೆ ದೂಳು ಆಚೆ ಹೋಗುತ್ತದೆ. ಉದ್ದ ಮೂರು ಇಂಚು ನಮ್ಮ ಕೆಲಸಕ್ಕೆ ಧಾರಾಳ.

ಜಾರುವ ಲಾಕಿನ ಚಾಕಿಗಿಂತ ಲಾಕ್ ಇಲ್ಲದ ಚಾಕು ವಾಸಿ ಎಂಬುದು ನನ್ನ ಅಭಿಪ್ರಾಯ. ಕೆಲವರು ಒಪ್ಪುವುದಿಲ್ಲ. ಸ್ವಿಟ್ಜರ್‌ಲೆಂಡಿನಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ಕಾರ್ಯಾಗಾರ ತೆರೆದು 1891ರಿಂದ ಸೈನಿಕರಿಗೆ ಕೊಟ್ಟ ಚಾಕಿನಲ್ಲಿ ಲಾಕ್ ಇರಲಿಲ್ಲ, ಬೆನ್ನಿನ ಸ್ಪ್ರಿಂಗಿನ ಬಿಗಿ ಮಾತ್ರ. ಹಿಡಿದವನಿಗೆ ಅದು ಮಡಚುತ್ತದೆಂದು ಗೊತ್ತಿರುತ್ತದೆ, ಆದ್ದರಿಂದ ಮೊನೆ ಒತ್ತುವುದಿಲ್ಲ. ಇದ್ದೂ ಇಲ್ಲದ ಹಾಗಿರುವ ಲಾಕ್ ಆ ಎಚ್ಚರವನ್ನೂ ಕಿತ್ತುಕೊಳ್ಳುತ್ತದೆ. ಫ್ರಾನ್ಸಿನ ಒಪಿನೆಲ್ ಚಾಕಿಗೆ 1955ರಲ್ಲಿ ಬಂದ ಉಂಗುರದ ಲಾಕ್ ನನಗೆ ಇಷ್ಟವಾದದ್ದು ಬೇರೆ ಕಾರಣಕ್ಕೆ. ಹಿಡಿಯ ಕತ್ತಿನಲ್ಲಿರುವ ಉಂಗುರವನ್ನು ಕೈಯಾರೆ ತಿರುಗಿಸಬೇಕು, ತಿರುಗಿಸಿದ್ದು ಕಣ್ಣಿಗೆ ಕಾಣುತ್ತದೆ. ಅದರ ಹಿಡಿ ಮರದ್ದು, ಮಳೆಯಲ್ಲಿ ನೆನೆದರೆ ಉಬ್ಬಿ ಅಲಗು ಹೊರಬರಲು ತಕರಾರು ಮಾಡುತ್ತದೆ. ಅಷ್ಟು ತೊಂದರೆ ಸಹಿಸಬಹುದು.

ಕೇಬಲ್ ಸುಲಿಯುವುದಕ್ಕೆ ನೇರ ಅಲಗು ಬೇಡವೇ ಬೇಡ. ಕುಡುಗೋಲಿನಂತೆ ಒಳಕ್ಕೆ ಬಾಗಿದ ಅಲಗಿನ ಚಾಕು ಬರುತ್ತದೆ. ಅದನ್ನು ಕವಚಕ್ಕೆ ಸಿಕ್ಕಿಸಿ ತನ್ನ ಕಡೆಗೆ ಎಳೆದಾಗ ಬಲ ಅಲಗನ್ನು ಇನ್ನಷ್ಟು ತೆರೆಯುವ ದಿಕ್ಕಿಗೆ ಬೀಳುತ್ತದೆ, ಮುಚ್ಚುವ ಕಡೆಗಲ್ಲ. ಎಳೆಯುವ ದಾರಿಯಲ್ಲಿ ಇನ್ನೊಂದು ಕೈ ಇರಬಾರದು, ಅಷ್ಟೇ. ಸಣ್ಣ ವೈರಿಗೆ ಚಾಕು ಮುಟ್ಟಿಸುವುದನ್ನೇ ನಿಲ್ಲಿಸಿದ್ದೇವೆ, ಅದಕ್ಕೆ ಸ್ಟ್ರಿಪ್ಪರ್ ಇದೆ. ಚಾಕಿನಲ್ಲಿ ಸುಲಿದರೆ ತಾಮ್ರದ ಎಳೆಗಳಿಗೆ ಗಾಯವಾಗುತ್ತದೆ, ನಾಲ್ಕು ಎಳೆ ತುಂಡಾದ ವೈರು ಆಮೇಲೆ ಸ್ಕ್ರೂ ಬುಡದಲ್ಲಿ ಕಾಯುತ್ತದೆ. ಡಬ್ಬ ಬಿಚ್ಚಲು ಪೇಪರ್ ಕಟರ್ ಸಾಕು. ಜಪಾನಿನ ಯೋಶಿಯೊ ಒಕಾಡಾ 1956ರಲ್ಲಿ ಮಾಡಿದ ಆ ಮುರಿದುಕೊಳ್ಳುವ ಬ್ಲೇಡಿನ ಕಟರ್ ಇವತ್ತು ಊರೂರಿನ ಸ್ಟೇಷನರಿ ಅಂಗಡಿಯಲ್ಲಿದೆ. ಹೀಗೆ ಒಂದೊಂದಾಗಿ ತೆಗೆಯುತ್ತ ಹೋದರೆ ಮಡಚುವ ಚಾಕಿಗೆ ಉಳಿಯುವ ಕೆಲಸ ಬಹಳ ಕಡಿಮೆ. ಒಂದು ಚಾಕಿನಿಂದ ಎಲ್ಲವನ್ನೂ ಮಾಡಿಸಲು ಹೋದದ್ದೇ ನಾನು. ಹುಡುಗರು ತಮ್ಮ ಪಾಡಿಗೆ ಮಾಡಿಕೊಂಡಿದ್ದ ಹ್ಯಾಕ್ಸಾ ಬ್ಲೇಡಿನ ಚಾಕು ಮಡಚುತ್ತಲೇ ಇರಲಿಲ್ಲ.

ಹುಡುಗ ಈಗ ನನ್ನ ಜೊತೆಗೇ ಇದ್ದಾನೆ. ಬೆರಳಿನ ತುದಿ ಬಾಗುತ್ತದೆ, ಪೂರ್ತಿ ಅಲ್ಲ. ಮುಷ್ಟಿ ಕಟ್ಟಿದರೆ ಆ ಬೆರಳು ಅಂಗೈ ಮುಟ್ಟುವುದಿಲ್ಲ. ಸಣ್ಣ ಸ್ಕ್ರೂ ಹಿಡಿಯಲು ಹೆಬ್ಬೆರಳು, ನಡುಬೆರಳು ಬಳಸುವುದನ್ನು ರೂಢಿಸಿಕೊಂಡಿದ್ದಾನೆ. ಸಾಮಾನು ಕೊಳ್ಳಲು ಹೋಗುವಾಗ ಅವನನ್ನೂ ಕರೆದುಕೊಂಡು ಹೋಗುತ್ತೇನೆ. ಚಾಕು ಮಾತ್ರವಲ್ಲ, ಡ್ರಿಲ್ಲು, ಏಣಿ, ಗ್ಲೌಸು, ಯಾವುದನ್ನು ದಿನವಿಡೀ ಹಿಡಿಯುವವರು ಅವರೋ ಅದನ್ನು ಆರಿಸುವವರೂ ಅವರೇ. ಕಲ್ಯಾಣ ಮಂಡಳಿಯ ಕಾರ್ಡು ಎಲ್ಲರಿಗೂ ಮಾಡಿಸಿಯಾಗಿದೆ. ಹೋದ ತಿಂಗಳು ನನಗೊಂದು ಏಣಿ ಬಹಳ ಹಿಡಿಸಿತ್ತು, ದರವೂ ಕಡಿಮೆ. ಅವನು ಕೆಳಗಿನ ಮೆಟ್ಟಿಲಿನ ರಿವೆಟ್ಟಿಗೆ ಬೆರಳಿಟ್ಟು ನೋಡಿ, ‘ಬೇಡ ಅಣ್ಣ’ ಎಂದ. ಯಾಕೆಂದು ಕೇಳಿದೆ. ಹೇಳಿದ. ನಾವು ಬೇರೆ ಅಂಗಡಿಗೆ ಹೋದೆವು.